ಮಾವನವರಿಗೆ ಎಸ್ ಹಚ್ಚಿದ ಮಳೆಗಾಲ

ಹೋದ ವರ್ಷ ಅಕ್ಟೋಬರಿನಲ್ಲಿ ಗದಗಿನಿಂದ ಲಕ್ಷ್ಮೇಶ್ವರಕ್ಕೆ ಬಸ್ಸಿನಲ್ಲಿ ಹೊರಟಿದ್ದೆ. ಶಿರಹಟ್ಟಿ ದಾಟಿದ ಮೇಲೆ ರಸ್ತೆ ಬದಿಯ ಹೊಲದಲ್ಲಿ ಹೆಂಗಸರು ಶೇಂಗಾ ಕೀಳುತ್ತಿದ್ದರು. ಹಿಂದಿನ ದಿನ ಮಳೆಯಾಗಿತ್ತು. ಒದ್ದೆ ಮಣ್ಣು, ಹಸಿ ಬಳ್ಳಿ, ಎಳೆಗಾಯಿ ಎಲ್ಲ ಸೇರಿದ ಆ ವಾಸನೆ ಕಿಟಕಿಯಿಂದ ಬಂದದ್ದೇ ತಡ, ನನ್ನ ಬಾಯಿ ತಾನಾಗಿ 'ಪ್ಲಕ್, ಪ್ಲಕ್ಸ್, ಪ್ಲಕೆಡ್' ಅಂದುಬಿಟ್ಟಿತು. ಪಕ್ಕದಲ್ಲಿದ್ದ ಹುಡುಗಿ ಕಿವಿಗೆ ಸಿಕ್ಕಿಸಿಕೊಂಡದ್ದನ್ನು ತೆಗೆದು, "ಏನಂದ್ರಿ ಅಜ್ಜಿ?" ಎಂದು ಕೇಳಿದಳು. "ಏನಿಲ್ಲವ್ವಾ, ಹಳೇ ಪಾಠ" ಅಂದೆ. ಎಂಬತ್ತು ದಾಟಿದ ಮುದುಕಿ ಬಸ್ಸಿನಲ್ಲಿ ಕೂತು ಇಂಗ್ಲಿಷ್ ಕ್ರಿಯಾಪದ ಜಪಿಸಿದರೆ ಯಾರಾದರೂ ಸ್ವಲ್ಪ ಸರಿದೇ ಕೂಡುತ್ತಾರೆ. ಅವಳೂ ಸರಿದು ಕೂತಳು.

ಆ ಪಾಠ ನಡೆದದ್ದು ಕನ್ನಡ ನಾಡು ಒಂದಾದ ವರ್ಷದ ಮಳೆಗಾಲದಲ್ಲಿ. ನನಗಾಗ ಹತ್ತೊಂಬತ್ತು. ತವರು ಮುಂಡರಗಿ. ಬೆಟಗೇರಿಯಲ್ಲಿ ಸೋದರಮಾವನ ಮನೆಯಲ್ಲಿದ್ದುಕೊಂಡು ಹೈಸ್ಕೂಲು ಓದಿದೆ. ಮ್ಯಾಟ್ರಿಕ್ ಪರೀಕ್ಷೆಗೆ ಎರಡು ತಿಂಗಳಿರುವಾಗ ಲಕ್ಷ್ಮೇಶ್ವರದಿಂದ ವರ ಬಂತು, ಮದುವೆಯೂ ಆಯಿತು. ಕೈಯ ಮೆಹಂದಿ ಮಾಸುವ ಮೊದಲೇ ಪರೀಕ್ಷೆಗೆ ಕೂತೆ. ಉಳಿದದ್ದೆಲ್ಲ ಪಾಸು, ಇಂಗ್ಲಿಷ್ ಒಂದು ನಪಾಸು. ಆಗ ನಮಗೆ ಇಂಗ್ಲಿಷ್ ಶುರುವಾಗುತ್ತಿದ್ದದ್ದೇ ಎಂಟನೇ ಇಯತ್ತೆಗೆ. ನಾಲ್ಕು ವರ್ಷದಲ್ಲಿ ಎಷ್ಟು ಕಲಿಯಬಹುದೋ ಅಷ್ಟು ಕಲಿತಿದ್ದೆ, ಅದು ಸಾಲಲಿಲ್ಲ.

ನನ್ನ ಯಜಮಾನರು ಬೆಟಗೇರಿಯ ಹತ್ತಿ ಗಿರಣಿಯಲ್ಲಿ ಯಂತ್ರ ನೋಡಿಕೊಳ್ಳುತ್ತಿದ್ದರು. ಅಲ್ಲೇ ಒಂದು ಕೋಣೆಯಲ್ಲಿ ಮೂರು ಜನರ ಜೊತೆ ಇರುತ್ತಿದ್ದರು, ಊರಿಗೆ ತಿಂಗಳಿಗೊಮ್ಮೆ ಬರುತ್ತಿದ್ದರು. ನಾನಿದ್ದದ್ದು ಲಕ್ಷ್ಮೇಶ್ವರದಲ್ಲಿ, ಅತ್ತೆ ಮಾವನ ಜೊತೆ. ಹೊಸ ಸೊಸೆ ಅಂದರೆ ತಲೆಯ ಮೇಲೆ ಸೆರಗು, ಮಾವನ ಎದುರಿಗೆ ನಿಲ್ಲುವಂತಿಲ್ಲ, ಕೂಡುವಂತಿಲ್ಲ, ಹೆಸರು ಹೇಳುವಂತಿಲ್ಲ. ಮುಂಬಾಗಿಲು ದಾಟಬೇಕಾದರೆ ಅತ್ತೆ ಜೊತೆಗಿರಬೇಕು, ಅತ್ತೆಗೆ ಮೊಣಕಾಲು ನೋವು. ಹಾಗಾಗಿ ಇಬ್ಬರೂ ದಾಟುತ್ತಿರಲಿಲ್ಲ. ಬೆಟಗೇರಿಯಲ್ಲಿ ಪಾಟೀಚೀಲ ಹಾಕಿಕೊಂಡು ದಿನಾ ಎರಡು ಮೈಲು ನಡೆಯುತ್ತಿದ್ದವಳಿಗೆ ಅಡುಗೆಮನೆಯಿಂದ ಹಿತ್ತಲಿಗೆ, ಹಿತ್ತಲಿನಿಂದ ಅಡುಗೆಮನೆಗೆ ಅನ್ನುವುದೇ ಲೋಕವಾಯಿತು. ಉಸಿರು ಕಟ್ಟುತ್ತಿತ್ತು. ಆ ವರ್ಷ ಜಡಿಮಳೆ ಬೇರೆ. ಮಣ್ಣಿನ ಮಾಳಿಗೆ ನಾಲ್ಕು ಕಡೆ ಸೋರುತ್ತಿತ್ತು, ಒಲೆ ಹೊಗೆ ಹೊರಗೆ ಹೋಗದೆ ಮನೆಯೊಳಗೇ ಸುತ್ತುತ್ತಿತ್ತು.

ಮಾವನವರ ಹೆಸರನ್ನು ನಾನು ಇವತ್ತಿನವರೆಗೂ ಬಾಯಿಬಿಟ್ಟು ಹೇಳಿಲ್ಲ. ಬರೆಯುವುದಕ್ಕೂ ಕೈ ಏಳುತ್ತಿಲ್ಲ. ಊರವರೆಲ್ಲ ಕಾರಕೂನರು ಅನ್ನುತ್ತಿದ್ದರು, ನಾನೂ ಹಾಗೇ ಬರೆಯುತ್ತೇನೆ. ಲಕ್ಷ್ಮೇಶ್ವರ ಮೊದಲು ಮಿರಜ ಸಂಸ್ಥಾನಕ್ಕೆ ಸೇರಿತ್ತು. ಅಲ್ಲಿಯ ಕಚೇರಿಯಲ್ಲಿ ಅವರು ಕಾಗದಪತ್ರ ನಕಲು ಮಾಡುತ್ತಿದ್ದರು. ಮರಾಠಿ ಮೋಡಿ ಅಕ್ಷರ, ಕನ್ನಡ, ಮೇಲಿನವರಿಗೆ ಹೋಗುವ ಇಂಗ್ಲಿಷ್ ಪತ್ರ ಎಲ್ಲವನ್ನೂ ಮುತ್ತಿನಂಥ ಅಕ್ಷರದಲ್ಲಿ ಬರೆಯುತ್ತಿದ್ದರಂತೆ. ಸ್ವಾತಂತ್ರ್ಯ ಬಂದ ಮರುವರ್ಷ ಸಂಸ್ಥಾನ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು, ಕಚೇರಿ ಮುಚ್ಚಿತು, ಇವರು ಮನೆಗೆ ಬಂದು ಪಡಸಾಲೆಯ ಕಂಬಕ್ಕೆ ಒರಗಿ ಕೂತರು. ನಾನು ಆ ಮನೆಗೆ ಬಂದಾಗ ಅವರು ಹಾಗೆ ಕೂತು ಎಂಟು ವರ್ಷವಾಗಿತ್ತು. ಅವರ ಇಂಗ್ಲಿಷನ್ನು ಅಷ್ಟು ದಿನ ಯಾರೂ ಕೇಳಿರಲಿಲ್ಲ.

ಜೂನ್ ತಿಂಗಳಲ್ಲಿ ಮೊದಲ ಮಳೆ ಬಿದ್ದ ವಾರ ನಾನು ಧೈರ್ಯ ಮಾಡಿ ಯಜಮಾನರ ಮೂಲಕ ಒಂದು ಮಾತು ಕೇಳಿಸಿದೆ. ಅಕ್ಟೋಬರಿನಲ್ಲಿ ಇಂಗ್ಲಿಷಿಗೆ ಇನ್ನೊಮ್ಮೆ ಕೂಡುತ್ತೇನೆ, ಪಾಸಾದರೆ ಧಾರವಾಡಕ್ಕೆ ಹೋಗಿ ಮಾಸ್ತರಿಕೆಯ ಟ್ರೇನಿಂಗ್ ಮಾಡುತ್ತೇನೆ. ಕಾರಕೂನರು ಪಡಸಾಲೆಯಿಂದಲೇ, ನನಗೆ ಕೇಳುವ ಹಾಗೆ ಮಗನಿಗೆ ಉತ್ತರ ಹೇಳಿದರು.

"ಕೂಡ್ಲಿ. ಪಾಸಾದ್ರ ಧಾರವಾಡಕ್ಕ ನಾನ ಅರ್ಜಿ ಬರದು ಕಳಸ್ತೀನಿ. ಆದ್ರ ಒಂದ ಸರ್ತಿ. ಈ ಸರ್ತಿ ಹೋತಂದ್ರ ಪುಸ್ತಕಾ ಕಟ್ಟಿ ಅಟ್ಟಕ್ಕ ಒಗೀಬೇಕು. ಮತ್ತ ಆ ಮಾತ ತಗೀಬಾರದು."

"ಆತಪಾ" ಅಂದರು ಯಜಮಾನರು.

"ಇನ್ನೊಂದು. ಸಾಲಿಯೊಳಗ ಕಲಿಸಿದ ಇಂಗ್ಲಿಷ ನಪಾಸಾಗೇತಿ. ಅದನ್ನ ಬಿಡು ಅನ್ನು. ನಾ ಕಲಸ್ತೀನಿ."

ಅವರ ಲೆಕ್ಕ ಅವರ ಮಟ್ಟಿಗೆ ಸರಿಯೇ ಇತ್ತು. ನಪಾಸಾದ ಇಂಗ್ಲಿಷ್ ತಪ್ಪು ಇಂಗ್ಲಿಷೇ ಇರಬೇಕಲ್ಲ!

ದಿನಾ ಸಂಜೆ ದೀಪ ಹಚ್ಚುವ ಹೊತ್ತಿಗೆ ಪಾಠ. ಅವರು ಪಡಸಾಲೆಯಲ್ಲಿ ಕಂಬಕ್ಕೆ ಒರಗಿ ಕೂಡುವರು. ನಾನು ನಡುಮನೆಯ ಬಾಗಿಲ ಹಿಂದೆ ನಿಲ್ಲುವೆನು. ನಮ್ಮ ನಡುವೆ ಅರ್ಧ ಮುಚ್ಚಿದ ಕದ, ಒಂದು ಹೊಸ್ತಿಲು. ನಾನು ಪಾಟಿಯ ಮೇಲೆ ಬರೆದು ಹೊಸ್ತಿಲ ಮೇಲಿಟ್ಟು ಹಿಂದೆ ಸರಿಯುತ್ತಿದ್ದೆ, ಅವರು ತೆಗೆದುಕೊಂಡು ತಿದ್ದಿ ಮತ್ತೆ ಅಲ್ಲೇ ಇಡುತ್ತಿದ್ದರು. ಆ ಐದು ತಿಂಗಳಲ್ಲಿ ಅವರ ಬೆರಳು ನೋಡಿದ್ದೇನೆ, ಮುಖ ನೋಡಿದ್ದು ಕಡಿಮೆ.

"ಬುಕ್ಕು ಒಂದಿದ್ರ ಬುಕ್. ಭಾಳ ಇದ್ರ?"

"ಬುಕ್ಸ್ ರೀ."

"ಬಾಕ್ಸ್?"

"ಬಾಕ್ಸಿಸ್ ರೀ."

"ಕಾಪಿ?"

"ವೈ ತಗದು ಐ-ಇ-ಎಸ್ ರೀ. ಕಾಪೀಸ್."

"ಶಾಬಾಸ್."

ಒಳಗೆ ರೊಟ್ಟಿ ಬಡಿಯುತ್ತಿದ್ದ ಅತ್ತೆಯ ಕೈ ನಿಲ್ಲುತ್ತಿತ್ತು. "ಅದೇನ ಇಬ್ಬರೂ ಸ್ ಸ್ ಸ್ ಅಂತೀರಿ, ಹಾವು ಬಂದಂಗ ಆಗತೈತಿ ಜೀವಕ್ಕ. ಶಾಂತವ್ವಾ, ಹಿಟ್ಟು ನಾದೀದಿ ಇಲ್ಲ?"

ಒಂದು ವಾರ ಹೀಗೆ ನಡೆಯಿತು. ನಾಮಪದ ಮುಗಿದು ಕ್ರಿಯಾಪದಕ್ಕೆ ಬಂದೆವು. ಅಲ್ಲಿ ಅವರು ತಮ್ಮ ಸ್ವಂತ ಗುಟ್ಟೊಂದನ್ನು ಬಿಚ್ಚಿದರು. ಅದನ್ನು ಹೇಳುವಾಗ ದನಿ ಸ್ವಲ್ಪ ತಗ್ಗಿಸಿದ್ದು ನೆನಪಿದೆ.

"ನೋಡು. ದ ಬಾಯ್ ಕಮ್ಸ್. ದ ಬಾಯ್ಸ್ ಕಮ್. ಏನ ಗೊತ್ತಾತು?"

"ಒಬ್ಬ ಹುಡುಗಾ ಬರತಾನ, ಹುಡುಗರು ಬರತಾರ ರೀ."

"ಅದಲ್ಲ. ಎಸ್ ನೋಡು. ಇರೋದ ಒಂದ ಎಸ್, ಖುರ್ಚಿ ಎರಡು. ಒಬ್ಬನ ಇದ್ದಾಗ ಅದು ಕ್ರಿಯಾಪದದ ಮ್ಯಾಲ ಕುಂದರತೈತಿ. ಭಾಳ ಮಂದಿ ಆದಕೂಡ್ಲೆ ಎದ್ದು ಬಂದು ನಾಮಪದದ ಮ್ಯಾಲ ಕುಂದರತೈತಿ."

ಇದು ನನಗೆ ಖರೆಯೇ ಹೊಸದು. ಹೈಸ್ಕೂಲಿನಲ್ಲಿ ಯಾರೂ ಇಷ್ಟು ಚೆಂದ ಹೇಳಿರಲಿಲ್ಲ. ಮುಂದೆ ಮೂವತ್ತು ವರ್ಷ ಮಕ್ಕಳಿಗೆ ನಾನು ಈ ಎರಡು ಖುರ್ಚಿಯ ಪಾಠವನ್ನೇ ಹೇಳಿದೆ. ಆದರೆ ಕಾರಕೂನರು ಅಲ್ಲಿಗೆ ನಿಲ್ಲಿಸಲಿಲ್ಲ.

"ಈಗ ಹೇಳು. ಸಿಪಾಯಿ ಬರತಾನ. ಸಾಹೇಬರು ಬರತಾರ. ಸಾಹೇಬರು ಒಬ್ಬರ. ಇಂಗ್ಲಿಷಿನ್ಯಾಗ ಹೆಂಗ?"

ನಾನು ಪಾಟಿ ಒರೆಸಿಕೊಂಡೆ.

"ದ ಸಿಪಾಯಿ ಕಮ್ಸ್. ದ ಸಾಹೇಬ್ಸ್ ಕಮ್! ದೊಡ್ಡವರಿಗೆ ಬಹುವಚನ. ಕ್ರಿಯಾಪದಕ್ಕ ಎಸ್ ಹಚ್ಚಿದಿ ಅಂದ್ರ ಏಕವಚನ ಆತು, 'ಬರತಾನ' ಅಂದಂಗ ಆತು. ಹಿರಿಯರಿಗೆ ಹಂಗ ಅಂದ್ರ ಮರ್ಯಾದಿ ಉಳೀತೇನು? ಮೈ ಫಾದರ್ಸ್ ಕಮ್. ಮೈ ಟೀಚರ್ಸ್ ಸಿಟ್. ಇದನ್ನ ಸಾಲಿಯೊಳಗ ಕಲಿಸಿರಂಗಿಲ್ಲ. ಅದಕ್ಕ ನಪಾಸಾದಿ."

ಫಾದರ್ಸ್ ಅಂದರೆ ಅಪ್ಪಂದಿರು ಅಂತಾಗುತ್ತದೆ, ಒಬ್ಬಳಿಗೆ ಎಷ್ಟು ಮಂದಿ ಅಪ್ಪಂದಿರು? ನನಗೆ ಅಷ್ಟಾದರೂ ಗೊತ್ತಿತ್ತು. ಆದರೆ ಹೇಳುವುದು ಹೇಗೆ? ಮೊದಲನೆಯದಾಗಿ ಅವರು ಮಾವ. ಎರಡನೆಯದಾಗಿ ನಾನು ನಪಾಸು. ಪಾಸಾಗಿದ್ದರೆ ಒಂದು ವೇಳೆ ಗಂಟಲು ಸರಿಮಾಡಿಕೊಳ್ಳುತ್ತಿದ್ದೆನೋ ಏನೋ. "ಹೌದ್ರಿ" ಅಂದೆ. ಪಾಟಿಯ ಮೇಲೆ 'ಮೈ ಫಾದರ್ಸ್ ಕಮ್' ಎಂದು ಬರೆದು ಹೊಸ್ತಿಲ ಮೇಲಿಟ್ಟೆ. ಅವರು ಅದರ ಕೆಳಗೆ ಒಂದು ದೊಡ್ಡ ಗುರುತು ಹಾಕಿ ವಾಪಸು ಇಟ್ಟರು.

ಕಚೇರಿಯ ಕಾಗದದಲ್ಲಿ ಈ ತಪ್ಪು ಯಾಕೆ ಸಿಕ್ಕಿಬೀಳಲಿಲ್ಲ ಅನ್ನುವುದು ನನಗೆ ಆಮೇಲೆ ತಿಳಿಯಿತು. ಅಲ್ಲಿ ಯಾರೂ ಬರುವುದಿಲ್ಲ, ಹೋಗುವುದಿಲ್ಲ, ಕೂಡುವುದಿಲ್ಲ. ಅಲ್ಲಿ ಎಲ್ಲವೂ ಆಗಿ ಮುಗಿದಿರುತ್ತದೆ: ರಿಸೀವೆಡ್, ಸಬ್ಮಿಟೆಡ್, ಫಾರ್ವರ್ಡೆಡ್, ಅಪ್ರೂವೆಡ್. ಅವರು ಎಲ್ಲವನ್ನೂ 'ಎಡ್' ಅಂತಲೇ ಓದುತ್ತಿದ್ದರು. ವಾಕೆಡ್, ಲುಕೆಡ್, ಪ್ಲಕೆಡ್. ಆ ಉಚ್ಚಾರವನ್ನು ನಾಲಿಗೆಯಿಂದ ಕೀಳಲು ನನಗೆ ಧಾರವಾಡದಲ್ಲಿ ಒಂದು ವರ್ಷ ಬೇಕಾಯಿತು. ಪೂರ್ತಿ ಹೋಗಲಿಲ್ಲ, ಬಸ್ಸಿನ ಹುಡುಗಿಯೇ ಸಾಕ್ಷಿ.

ಶ್ರಾವಣದಲ್ಲಿ ಯಜಮಾನರು ಬಂದಾಗ ಹಿತ್ತಲಲ್ಲಿ ಅವರಿಗೆ ಕೈಗೆ ನೀರು ಹಾಕುತ್ತಾ ಹೇಳಿದೆ. "ಮಾವಾರು ಕಲಸೋದು ತಪ್ಪೈತ್ರಿ. ಹಂಗ ಬರದ್ರ ಮತ್ತ ನಪಾಸ."

ಅವರು ಉಗುರಿಗೆ ಹತ್ತಿದ ಗಿರಣಿಯ ಎಣ್ಣೆಯನ್ನು ಕಡ್ಡಿಯಿಂದ ತೆಗೆಯತೊಡಗಿದರು. "ಅಪ್ಪಗ ಹೇಳೀದಿ ಏನು?"

"ಹೆಂಗ ಹೇಳ್ಲಿ? ನೀವು ಹೇಳ್ರಿ."

"ನಾ ಬರೇ ಏಳನೇ ಇಯತ್ತೆದ ಮುಲ್ಕಿ ಪಾಸಾದವ. ನನಗೇನ ತಿಳೀತದ ಅಂತ ಕೇಳ್ತಾನ." ಆಮೇಲೆ ದನಿ ಇಳಿಸಿದರು. "ಶಾಂತಾ, ಎಂಟು ವರ್ಷದಾಗ ಅಪ್ಪ ದೋತರಕ್ಕ ಇಸ್ತ್ರಿ ಮಾಡಿಸಿರಲಿಲ್ಲ. ನಿನ್ನೆ ಕಲಸಾಕ ಕುಂದರೂ ಮುಂದ ಇಸ್ತ್ರಿ ಮಾಡಿದ್ದ ದೋತರಾ ಉಟ್ಟಿದ್ದ, ನೋಡಿದಿ? ಅವಗ ನೀನ ಕಚೇರಿ ಆಗೀದಿ. ಅಲ್ಲಿ ಒಂದು, ಪರೀಕ್ಷಾದಾಗ ಒಂದು ಬರಿ. ಯಾರ ಕೇಳ್ತಾರ?"

ಹೇಳುವುದು ಸುಲಭ. ಆ ದಿನದಿಂದ ನನ್ನ ಹತ್ತಿರ ಎರಡು ಇಂಗ್ಲಿಷ್ ಆದವು. ಸಂಜೆ ಪಾಟಿಯ ಮೇಲೆ ಮಾವನವರ ಇಂಗ್ಲಿಷ್ ಬರೆಯಬೇಕು. ಹಗಲು ಕೆಲಸ ಮಾಡುತ್ತಾ ಟ್ರಂಕಿನ ಅಡಿಯಲ್ಲಿದ್ದ ಹೈಸ್ಕೂಲಿನ ವ್ಯಾಕರಣವನ್ನು ಮನಸ್ಸಿನಲ್ಲೇ ಹೇಳಿಕೊಳ್ಳಬೇಕು. ಶೇಂಗಾ ಮನೆಗೆ ಬಂದಾಗ ಹಿತ್ತಲು ತುಂಬ ಹಸಿ ಬಳ್ಳಿಯ ರಾಶಿ. ಅತ್ತೆ, ನಾನು ಕೂತು ಕಾಯಿ ಬಿಡಿಸುತ್ತಿದ್ದೆವು. ಕೈ ಬಳ್ಳಿಯಲ್ಲಿ, ಬಾಯಿ ಒಳಗೊಳಗೇ: ಐ ಪ್ಲಕ್, ಶೀ ಪ್ಲಕ್ಸ್. ಅತ್ತೆ ಬಳ್ಳಿ ಎಳೆಯುತ್ತಿದ್ದರೆ ನಾನು ಅವರನ್ನು ನೋಡಿ 'ಶೀ ಪ್ಲಕ್ಸ್' ಅಂದುಕೊಳ್ಳುತ್ತಿದ್ದೆ, ಆ ಎಸ್ ಬಂದ ಕೂಡಲೆ ಅತ್ತೆಯನ್ನು ಮುಖದ ಎದುರೇ 'ಕೀಳತಾಳ' ಅಂದಂತಾಗಿ ನಾಲಿಗೆ ಕಚ್ಚಿಕೊಳ್ಳುತ್ತಿದ್ದೆ. ಮಾವನವರ ಪಾಠ ತಪ್ಪು ಅಂತ ಗೊತ್ತಿದ್ದೂ ಅದು ನನ್ನೊಳಗೆ ಕೂತಿತ್ತು. ಇಂಗ್ಲಿಷು ಎಂಥ ಬಿಗುಮಾನದ ಭಾಷೆ ಅಂತ ಎಲ್ಲರೂ ಹೇಳುತ್ತಾರೆ, ನನಗೆ ಮಾತ್ರ ಅದು ದೊಡ್ಡವರು ಸಣ್ಣವರು ತಿಳಿಯದ ಪುಂಡ ಭಾಷೆ ಅನ್ನಿಸುತ್ತಿತ್ತು.

"ತುಟಿ ಅಲ್ಲಾಡಸ್ತೀಯಲ್ಲ, ಯಾರ ಜೋಡಿ ಮಾತಾಡ್ತೀ?" ಎಂದು ಅತ್ತೆ ಕೇಳುತ್ತಿದ್ದರು.

"ಯಾರ ಜೋಡಿನೂ ಇಲ್ರಿ ಅತ್ತಿ."

"ಓದಿದ್ರ ಓದು, ಹುಚ್ಚು ಹಿಡಿಸಿಕೋಬ್ಯಾಡ. ಎಲ್ಲಿಗೆ ಹೋಗಾಕಿ ನೀ?"

ಅವರು ಕೆಟ್ಟವರಲ್ಲ. ನಾನು ಎಲ್ಲಿಗಾದರೂ ಹೋಗಬಹುದು ಅನ್ನುವುದು ಅವರ ಕಲ್ಪನೆಗೇ ಬಂದಿರಲಿಲ್ಲ, ಅಷ್ಟೇ. ಅದೇ ನನ್ನನ್ನು ಹೆಚ್ಚು ಹೆದರಿಸುತ್ತಿತ್ತು.

ಪರೀಕ್ಷೆಗೆ ಗದಗಿಗೆ ನನ್ನ ಜೊತೆ ಕಾರಕೂನರೇ ಬಂದರು. ಬೇವಿನ ಮರದ ಕೆಳಗೆ ಛತ್ರಿ ಬಿಡಿಸಿಕೊಂಡು ಮೂರು ತಾಸು ಕೂತಿದ್ದರು. ಒಳಗೆ ನಾನು ಪ್ರಶ್ನೆಪತ್ರಿಕೆ ತಿರುವಿದೆ. ಕನ್ನಡದಿಂದ ಇಂಗ್ಲಿಷಿಗೆ ಭಾಷಾಂತರ, ಮೊದಲನೇ ವಾಕ್ಯ: 'ನಮ್ಮ ತಂದೆಯವರು ದಿನಾಲು ಹೊಲಕ್ಕೆ ಹೋಗುತ್ತಾರೆ.'

ಎಲ್ಲ ಬಿಟ್ಟು ಇದೇ ಬರಬೇಕೇ? 'ಮೈ ಫಾದರ್' ಅಂತ ಬರೆದು ಪೆನ್ನು ಎತ್ತಿದೆ. ಎಸ್ ಇಲ್ಲಿ ಹಾಕಲೋ, ಮುಂದೆ ಹಾಕಲೋ? ಸರಿ ಯಾವುದು ಅಂತ ಗೊತ್ತಿತ್ತು, ಆದರೂ ಕೈ ಏಳಲಿಲ್ಲ. ಕಿಟಕಿಯಿಂದ ಛತ್ರಿ ಕಾಣುತ್ತಿತ್ತು. ಕಡೆಗೆ ಕಣ್ಣು ಮುಚ್ಚಿಕೊಂಡು 'ಗೋಸ್' ಅಂತ ಬರೆದೆ. ಬರೆದದ್ದು ಯಾರಿಗೋ ಮುಖಕ್ಕೆ ಎದುರುತ್ತರ ಕೊಟ್ಟಂತಾಯಿತು. ಅತ್ತೆ ಮಾವ, ಗುರು, ಅಜ್ಜ ಯಾರೇ ಬಂದರೂ ಒಬ್ಬರಿದ್ದರೆ ಕ್ರಿಯಾಪದಕ್ಕೆ ಎಸ್ ಜಡಿಯುತ್ತಾ ಹೋದೆ.

ತಿರುಗಿ ಬರುವಾಗ ಬಸ್ಸಿನಲ್ಲಿ ಅವರು ಮುಂದಿನ ಸೀಟಿನಲ್ಲಿ, ನಾನು ಹಿಂದಿನ ಸೀಟಿನಲ್ಲಿ. ಅವರು ಹಿಂದೆ ತಿರುಗದೆ ಪ್ರಶ್ನೆಪತ್ರಿಕೆ ಹಿಡಿದು ಓದಿದರು.

"ತಂದೆಯವರು ಹೋಗುತ್ತಾರೆ. ಬಂದದ ನೋಡು, ನಾ ಹೇಳಿದ್ದ ಬಂದದ! ಏನಂತ ಬರದಿ?"

ಹೊರಗೆ ಮಳೆ ಶುರುವಾಗಿತ್ತು. ಕಂಡಕ್ಟರ್ ತಾಡಪತ್ರಿ ಇಳಿಬಿಟ್ಟಿದ್ದ, ಒಳಗೆ ಕತ್ತಲೆ. ನನಗೆ ಅವರ ಬೆನ್ನು ಮಾತ್ರ ಕಾಣುತ್ತಿತ್ತು.

"ಮೈ ಫಾದರ್ಸ್ ಗೋ ಅಂತ ಬರದೇನ್ರಿ."

"ಶಾಬಾಸ್!" ಪಕ್ಕದವನ ಕಡೆ ತಿರುಗಿ, "ನಮ್ಮ ಸೊಸಿ ಮ್ಯಾಟ್ರಿಕ್ಕಿಗೆ ಕುಂತಾಳ್ರಿ" ಅಂದರು. ಊರು ಬರುವವರೆಗೂ ಆ ಪಾಪದವನಿಗೆ ಎರಡು ಖುರ್ಚಿಯ ಕಥೆ ಹೇಳಿದರು. ನಾನು ಸೆರಗಿನ ಒಳಗೆ ಕಣ್ಣೀರು ಹಾಕಿದೆ. ಸುಳ್ಳು ಹೇಳಿದ್ದಕ್ಕೋ, ನಪಾಸಾದರೆ ಅನ್ನುವ ಭಯಕ್ಕೋ, ಗೊತ್ತಿಲ್ಲ.

ಫಲಿತಾಂಶ ಬರುವ ಮೊದಲೇ ನಾಡು ಒಂದಾಯಿತು. ನವೆಂಬರ್ ಒಂದರ ಬೆಳಿಗ್ಗೆ ಊರಲ್ಲಿ ಮೆರವಣಿಗೆ, ಹಲಗೆ ಬಾರಿಸುವ ಸದ್ದು, ಜಯಕಾರ. ನಮ್ಮ ಓಣಿಯ ಮುಂದೇ ಹಾದುಹೋಯಿತು. ನಾನು ನಡುಮನೆಯ ಸಣ್ಣ ಕಿಂಡಿಗೆ ಮುಖ ಹಚ್ಚಿ ನಿಂತೆ. ಕಾಣಿಸಿದ್ದು ಕೆಲವು ರುಮಾಲು, ಒಂದು ಬಾವುಟದ ತುದಿ. ಕಾರಕೂನರು ಮಧ್ಯಾಹ್ನ ಮನೆಗೆ ಬಂದು ಕೈಯಲ್ಲಿದ್ದ ಸಕ್ಕರೆಯ ಪೊಟ್ಟಣ ಹೊಸ್ತಿಲ ಮೇಲಿಟ್ಟರು.

"ಸಂಸ್ಥಾನ ಆತು, ಮುಂಬಯಿ ಆತು, ಈಗ ಮೈಸೂರು. ಮೂರು ಸರಕಾರ ನೋಡಿದ್ನಿ. ನಾ ಮಾತ್ರ ಈ ಕಂಬಾ ಬಿಟ್ಟು ಎಲ್ಲೂ ಹೋಗಲಿಲ್ಲ" ಎಂದರು. ನಕ್ಕರು ಅನ್ನಿಸುತ್ತದೆ.

ನಾನು ಸಕ್ಕರೆ ಬಾಯಿಗೆ ಹಾಕಿಕೊಂಡೆ. ಇಡೀ ನಾಡು ಎದ್ದು ಇನ್ನೊಂದು ರಾಜ್ಯಕ್ಕೆ ಹೋಗಿತ್ತು, ಪರೀಕ್ಷೆಗೆ ಹೋದದ್ದು ಬಿಟ್ಟರೆ ನನಗೆ ಮುಂಬಾಗಿಲು ದಾಟಲು ಆಗಿರಲಿಲ್ಲ. ಆ ದಿನ ಎಲ್ಲರೂ ಸಂತೋಷಪಟ್ಟರು. ನಾನೂ ಪಟ್ಟೆ, ಆದರೆ ನನ್ನ ಸಂತೋಷಕ್ಕೆ ಕಿಂಡಿಯಷ್ಟೇ ಜಾಗವಿತ್ತು.

ಡಿಸೆಂಬರಿನಲ್ಲಿ ಒಂದು ದಿನ ಯಜಮಾನರು ಹೇಳದೆ ಕೇಳದೆ ಗಿರಣಿಯ ಬಟ್ಟೆಯಲ್ಲೇ ಬಂದರು. ಬಾಗಿಲಿಂದಲೇ, "ಪಾಸ!" ಅಂದರು. ಅತ್ತೆ ಬೆಲ್ಲ ತರಲು ಎದ್ದವರು ಮೊಣಕಾಲು ಹಿಡಿದುಕೊಂಡು ಮತ್ತೆ ಕೂತರು. ಕಾರಕೂನರು ರುಮಾಲು ಸುತ್ತಿಕೊಂಡು ಹೊರಗೆ ಹೋದರು. ಸಂಜೆವರೆಗೂ ಊರೆಲ್ಲ ತಿರುಗಿ, ಸೊಸೆಯನ್ನು ಪಾಸು ಮಾಡಿಸಿದ್ದು ತಮ್ಮ ಇಂಗ್ಲಿಷ್ ಎಂದು ಹೇಳಿ ಬಂದರಂತೆ. ಪಾಸಾದ ದಿನವೂ ನಿಜ ಹೇಳುವ ಹಾಗಿರಲಿಲ್ಲ.

ಕೊಟ್ಟ ಮಾತಿನಂತೆ ಅವರು ಧಾರವಾಡಕ್ಕೆ ಅರ್ಜಿಯ ಕರಡು ಬರೆದರು. ಕನ್ನಡದಲ್ಲಿ ಬರೆದರೂ ನಡೆಯುತ್ತಿತ್ತು. ಆದರೆ ಎಂಟು ವರ್ಷದ ಮೇಲೆ ಒಂದು ಕಚೇರಿಗೆ ಕಾಗದ ಬರೆಯುವುದು, ಇಂಗ್ಲಿಷಿನಲ್ಲೇ ಆಗಬೇಕು. ಕೈ ನಡುಗುತ್ತದೆ, ನೀನೇ ಅಚ್ಚುಕಟ್ಟಾಗಿ ನಕಲು ಮಾಡು, ನಾನು ಓದಿ ಸಹಿ ಮಾಡುತ್ತೇನೆ ಎಂದು ಹೊಸ್ತಿಲ ಮೇಲಿಟ್ಟರು.

ಅತ್ತೆ ಮಲಗಿದ ಮಧ್ಯಾಹ್ನ ನಾನು ಅದನ್ನು ಓದಿದೆ. 'ಐ ಲಿವ್ ಇನ್ ಲಕ್ಷ್ಮೇಶ್ವರ ವಿತ್ ಮೈ ಫಾದರ್-ಇನ್-ಲಾಸ್. ದೇ ಪರ್ಮಿಟ್ ಮಿ. ಐ ಸರ್ವ್ ಮೈ ಫಾದರ್-ಇನ್-ಲಾಸ್ ಆಂಡ್ ಮೈ ಮದರ್-ಇನ್-ಲಾಸ್.' ಓದಿ ನಗು ಬಂತು, ಆಮೇಲೆ ಬೆವರು ಬಂತು. ಮಾವಂದಿರು ಬಹಳ, ಅತ್ತೆಯರು ಬಹಳ ಅಂದರೆ ಗಂಡಂದಿರೂ ಬಹಳ ಇರಬೇಕು. ಧಾರವಾಡದವರು ಇದನ್ನು ಓದಿ ಇವಳೇನು ದ್ರೌಪದಿಯೇ ಅನ್ನುವುದಿಲ್ಲವೇ? ಹಾಗೇ ಕಳಿಸಿದರೆ ನನ್ನ ಧಾರವಾಡ ಮುಗಿಯಿತು. ತಿದ್ದಿದರೆ, ಬಸ್ಸಿನಲ್ಲಿ 'ಶಾಬಾಸ್' ಅಂದ ಆ ಬೆನ್ನಿಗೆ ನಾನು ಸುಳ್ಳು ಹೇಳಿದ್ದು, ಅವರ ಇಂಗ್ಲಿಷ್ ಮೊದಲಿನಿಂದ ತಪ್ಪೆಂದು ನನಗೆ ಗೊತ್ತಿದ್ದದ್ದು ಎಲ್ಲ ಬಯಲು. ಸಹಿ ಅವರದೇ ಬೇಕು. ಅವರ ಸಹಿ ಇಲ್ಲದೆ ಸೊಸೆಯ ಅರ್ಜಿ ಯಾರು ನೋಡುತ್ತಾರೆ?

ಎಷ್ಟೋ ಹೊತ್ತು ಕೂತ ಮೇಲೆ ದಾರಿ ಹೊಳೆಯಿತು. ಕ್ರಿಯಾಪದ ಈಗಿನದಾದರೆ ತಾನೇ ಎಸ್‌ನ ಜಗಳ? ಆಗಿಹೋದದ್ದಕ್ಕೆ ಎಲ್ಲರಿಗೂ ಒಂದೇ ಬಾಲ. ನಮ್ಮಲ್ಲಿ ಹೋದ, ಹೋದಳು, ಹೋದರು ಅಂತ ಅಲ್ಲೂ ಬಿಡುವುದಿಲ್ಲ. ಇಂಗ್ಲಿಷಿನಲ್ಲಿ ಇ-ಡಿ ಹಚ್ಚಿದರೆ ಸಾಹೇಬರೂ ಒಂದೇ, ಸಿಪಾಯಿಯೂ ಒಂದೇ, ಮಾವನೂ ಒಂದೇ, ಸೊಸೆಯೂ ಒಂದೇ. ಯಾರ ಮರ್ಯಾದೆಗೂ ಕುಂದಿಲ್ಲ, ವ್ಯಾಕರಣಕ್ಕೂ ಕುಂದಿಲ್ಲ. ಒಂದೇ ಎಚ್ಚರ ಬೇಕು. ಗೋ ಹೋಗಿ ವೆಂಟ್ ಆಗುವಂಥ, ವೇಷ ಬದಲಿಸುವ ಶಬ್ದಗಳ ಸಹವಾಸ ಬೇಡ. ಬಾಲ ಹಚ್ಚಿದರೆ ಸುಮ್ಮನೆ ಹಚ್ಚಿಸಿಕೊಳ್ಳುವ ಸಾಧು ಶಬ್ದಗಳನ್ನೇ ಆರಿಸಿಕೊಂಡೆ. ಲಿವ್ಡ್, ಕುಕ್ಡ್, ಸರ್ವ್ಡ್, ಪಾಸ್ಡ್, ವಿಶ್ಡ್, ಪರ್ಮಿಟೆಡ್. ಕಾಗದ ಮುಗಿಸಿದಾಗ ನನ್ನ ಜಾಣತನಕ್ಕೆ ನಾನೇ ಬೀಗಿದೆ.

ಸಂಜೆ ಕಾಗದ ಹೊಸ್ತಿಲ ಮೇಲಿಟ್ಟು ಬಾಗಿಲ ಹಿಂದೆ ನಿಂತೆ. ಅವರು ಕನ್ನಡಕ ಹಾಕಿಕೊಂಡು ಜೋರಾಗಿ ಓದತೊಡಗಿದರು.

"ಮೈ ಫಾದರ್-ಇನ್-ಲಾ ಪರ್ಮಿಟೆಡ್ ಮಿ. ಎಸ್ ಎಲ್ಲಿ ಹೋತು?"

"ಇ-ಡಿ ಬಂದ್ರ ಎಸ್ ಬ್ಯಾಡ್ರಿ. ಅದರಾಗ ದೊಡ್ಡವರು ಸಣ್ಣವರು ಅಂತ ಇಲ್ರಿ."

ಆ ಮನೆಯಲ್ಲಿ ಅವರಿಗೆ ನಾನು ಹೇಳಿದ ಮೊದಲನೇ ಪಾಠ ಅದು. ಅವರು 'ಹೂಂ' ಅಂದರು. ಮುಂದೆ ಓದಿದರು.

"ಐ ಲಿವೆಡ್ ಇನ್ ಲಕ್ಷ್ಮೇಶ್ವರ. ಐ ಕುಕೆಡ್. ಐ ಸರ್ವೆಡ್ ಮೈ ಫಾದರ್-ಇನ್-ಲಾ." ಅಲ್ಲಿಗೆ ನಿಂತರು. ಕಾಗದ ಕೆಳಗಿಟ್ಟ ಸದ್ದು ಕೇಳಿತು. ಆಮೇಲೆ ಒಂದೊಂದೇ ಮಾತು ಬಿಡಿಸಿ ಕನ್ನಡದಲ್ಲಿ ಹೇಳಿದರು.

"ಲಕ್ಷ್ಮೇಶ್ವರದಾಗ ಇದ್ದೆ. ಅಡಗಿ ಮಾಡಿದೆ. ಮಾವನ ಸೇವಾ ಮಾಡಿದೆ." ದನಿ ಬಾಗಿಲ ಕಡೆ ತಿರುಗಿತು. "ಇನ್ನೂ ಇಲ್ಲೇ ಬಾಗಲ ಹಿಂದ ನಿಂತೀಯಲ್ಲ ತಂಗೀ."

ನಾನು ಎಸ್ ಒಂದರಿಂದ ತಪ್ಪಿಸಿಕೊಳ್ಳಲು ಹೋಗಿದ್ದೆ. ಇಡೀ ಕಾಗದದಲ್ಲಿ ನಾನು ಆ ಮನೆ ಬಿಟ್ಟು ಯಾವತ್ತೋ ಹೋಗಿಬಿಟ್ಟಿದ್ದೇನೆ ಅನ್ನುವುದು ನನ್ನ ಗಮನಕ್ಕೇ ಬಂದಿರಲಿಲ್ಲ. ಬಂದಿರಲಿಲ್ಲ ಅಂತ ಅರವತ್ತು ವರ್ಷ ನನಗೆ ನಾನೇ ಹೇಳಿಕೊಂಡು ಬಂದಿದ್ದೇನೆ, ಈಗ ಅಷ್ಟು ಖಾತ್ರಿ ಇಲ್ಲ.

"ತಪ್ಪಾಗೇತ್ರಿ ಮಾವಾರ. ತಿದ್ದತೀನ್ರಿ" ಎಂದೆ.

ಅವರು ಕಾಗದವನ್ನು ಮತ್ತೆ ಎತ್ತಿಕೊಂಡ ಸದ್ದಾಯಿತು. ಒಳಗೆ ಅತ್ತೆ ರೊಟ್ಟಿ ಬಡಿಯುವ ಸದ್ದು ನಿಂತಿತ್ತು.

"ಬ್ಯಾಡ" ಅಂದರು ಕಾರಕೂನರು. "ವ್ಯಾಕರಣ ಬರೋಬರಿ ಐತಿ."

ಪೆನ್ನು ಕಾಗದದ ಮೇಲೆ ಉದ್ದಕ್ಕೆ ಎಳೆದ ಸದ್ದಾಯಿತು. ಸಹಿ ಮಾಡಿ, ಕಾಗದವನ್ನು ಹೊಸ್ತಿಲ ಮೇಲಿಟ್ಟು, "ನಾಳಿಂದ ಪಾಟಿ ತರಬ್ಯಾಡ" ಎಂದರು.

ನಾನು ಧಾರವಾಡದ ಬಸ್ಸು ಹತ್ತಿದ್ದು ಮುಂದಿನ ಜೂನಿನಲ್ಲಿ. ನಡುವೆ ಆರು ತಿಂಗಳು ಅದೇ ಮನೆಯಲ್ಲಿ ಕಳೆದೆ. ಆ ಆರು ತಿಂಗಳು ಪಡಸಾಲೆಯಿಂದ ಒಂದೇ ಒಂದು ಇಂಗ್ಲಿಷ್ ಶಬ್ದ ಬರಲಿಲ್ಲ. ಆದರೂ ದೀಪ ಹಚ್ಚುವ ಹೊತ್ತಿಗೆ ಅವರು ತಪ್ಪದೆ ಕಂಬಕ್ಕೆ ಒರಗಿ ಕೂಡುತ್ತಿದ್ದರು. ನಾನು ಕೈ ಒರೆಸಿಕೊಂಡು ಹೋಗಿ ಬಾಗಿಲ ಹಿಂದೆ ನಿಲ್ಲುತ್ತಿದ್ದೆ. ಅತ್ತೆ ಕರೆಯುವವರೆಗೂ ಹಾಗೇ ನಿಂತಿರುತ್ತಿದ್ದೆ, ಅವರೂ ಏಳುತ್ತಿರಲಿಲ್ಲ.